ಒತ್ತಿಲ್ಲದ ಅಜ್ಜ

ಜೀವಮಾನವಿಡೀ ಊರಿನವರ ಅಳತೆ ತೆಗೆದವನು ನಾನು. ಎದೆ ಉಬ್ಬಿಸಿ ನಿಂತವರ ಎದೆಯನ್ನೂ, ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಂಡವರ ಸೊಂಟವನ್ನೂ ಅಳೆದಿದ್ದೇನೆ. ಅವರು ಉಸಿರು ಬಿಡುವವರೆಗೆ ಸುಮ್ಮನೆ ಕಾದು, ಆಮೇಲೆ ನಿಜವಾದ ಅಂಗುಲವನ್ನು ಬರೆದುಕೊಂಡಿದ್ದೇನೆ. ಇಂಥ ನನ್ನ ಅಳತೆ ತೆಗೆಯಲು ಒಬ್ಬ ಹೆಣ್ಣುಮಗಳು ಬಂದಳು. ಕೈಯಲ್ಲಿ ಟೇಪಿಲ್ಲ, ಕಿವಿಯ ಸಂದಿಯಲ್ಲಿ ಪೆನ್ಸಿಲಿಲ್ಲ. ಎದೆ, ಸೊಂಟ ಯಾವುದೂ ಬೇಡವಂತೆ. ನನಗೆ ಓದಲು ಎಷ್ಟು ಬರುತ್ತದೆ ಎಂಬುದನ್ನು ಅಳೆಯುತ್ತಾಳಂತೆ. ಅದೂ ಯಾರಿಗೆ? ಬೀದಿಗೆಲ್ಲ ಪೇಪರು ಓದಿ ಹೇಳುವ ನನಗೆ.

ನನ್ನ ಓದಿನ ಬಗ್ಗೆ ಎರಡು ಮಾತು ನಾನೇ ಹೇಳಿಬಿಡಬೇಕು (ಹೇಳದಿದ್ದರೆ ಹೆಂಡತಿ ಹೇಳುತ್ತಾಳೆ, ಅದು ಬೇರೆ ತರಹ ಇರುತ್ತದೆ). ಶಾಲೆಯ ಮೆಟ್ಟಿಲನ್ನು ನಾನು ಹತ್ತಿದ್ದು ಮೇಷ್ಟರ ಕೋಟಿಗೆ ಅಳತೆ ತೆಗೆಯಲು ಮಾತ್ರ. ಅಕ್ಷರ ಕಲಿತದ್ದು ಹಳೆಯ ಪತ್ರಿಕೆಗಳಿಂದ. ಅಂಗಿಯ ಮಾದರಿ ಕತ್ತರಿಸಲು ನಾವು ದರ್ಜಿಗಳು ಹಳೆಯ ಪತ್ರಿಕೆ ಹರಡಿಕೊಳ್ಳುತ್ತೇವೆ. ಕತ್ತರಿ ಹಾಕುವ ಮುಂಚೆ ಒಂದೊಂದೇ ಅಕ್ಷರವನ್ನು ಎದುರು ಸಾಲಿನ ಅಂಗಡಿ ಬೋರ್ಡುಗಳ ಜೊತೆ ತಾಳೆ ನೋಡಿ, ಗುರುವಿಲ್ಲದೆ, ಬೆತ್ತವಿಲ್ಲದೆ, ಯಾರ ಹಂಗೂ ಇಲ್ಲದೆ ಕಲಿತೆ. ಒಂದೇ ಕೊರತೆ ಏನೆಂದರೆ ಎಷ್ಟೋ ಸುದ್ದಿಗಳು ತೋಳಿನ ಜಾಗದಲ್ಲಿ ಕತ್ತರಿಗೆ ಸಿಕ್ಕಿ, ಕೊನೆಗೆ ಏನಾಯಿತೆಂಬುದು ನನಗೆ ಈವರೆಗೂ ತಿಳಿದಿಲ್ಲ. ಒಬ್ಬ ಮಂತ್ರಿ ರಾಜೀನಾಮೆ ಕೊಡಲು ಎದ್ದು ನಿಂತದ್ದು ಚೆನ್ನಾಗಿ ನೆನಪಿದೆ. ಕೊಟ್ಟನೋ, ಮತ್ತೆ ಕೂತನೋ, ಅದು ಯಾರದೋ ಬಲತೋಳಾಗಿ ಹೋಯಿತು.

ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯ ಮುಂದೆ ಒಂದು ಕಲ್ಲಿನ ಕಟ್ಟೆ. ಬೆಳಿಗ್ಗೆ ಅದರ ಮೇಲೆ ಕೂತು ನಾನು ಪೇಪರು ಬಿಡಿಸಿದೆನೆಂದರೆ, ಎದುರಿನ ಕಟಿಂಗ್ ಶಾಪಿನವನು ಅರ್ಧ ಮುಖಕ್ಕೆ ಸೋಪು ಹಚ್ಚಿದ ಗಿರಾಕಿಯನ್ನು ಅಲ್ಲೇ ಬಿಟ್ಟು ಬಂದು ಕೂರುತ್ತಾನೆ. ಸ್ವಲ್ಪ ಹೊತ್ತಿಗೆ ಗಿರಾಕಿಯೂ ಸೋಪಿನ ಸಮೇತ ಬರುತ್ತಾನೆ. ನಾನು ಬರೀ ಓದುವವನಲ್ಲ, ಅರ್ಥ ಹೇಳುವವನು. ಪತ್ರಿಕೆಯವರು ನಾಲ್ಕು ಸಾಲಿನಲ್ಲಿ ಮುಗಿಸಿದ್ದನ್ನು ನಾನು ಬಿಸಿಲು ಕಟ್ಟೆಗೆ ಬರುವ ತನಕ ಎಳೆಯುತ್ತೇನೆ. ಸಂಜೆಯಾದರೆ ಅದೇ ಕಟ್ಟೆಯಲ್ಲಿ ನನ್ನ ಹೆಂಡತಿಯ ದರ್ಬಾರು. ಹಗಲೆಲ್ಲ ಗುಂಡಿ ತೂರಿಸುವ ಕಾಜಾ ಹೊಲಿದು ಕಣ್ಣು ಸೋತವಳು ಅಲ್ಲಿ ಕಾಲು ಚಾಚಿ ಕೂತು, ಹೋಗಿ ಬರುವವರ ಮನೆಯ ಸಮಾಚಾರವನ್ನೆಲ್ಲ ಕೇಳಿ ತಿಳಿದು, ಅಗತ್ಯವಿದ್ದವರಿಗೆ ತಲುಪಿಸುತ್ತಾಳೆ. ಆ ಕಟ್ಟೆ ಇಲ್ಲದಿದ್ದರೆ ನಾನು ಬರೀ ದರ್ಜಿ, ಅವಳು ಬರೀ ದರ್ಜಿಯ ಹೆಂಡತಿ.

ಕಟ್ಟೆ ರಸ್ತೆಯ ಕಡೆಗೆ ಒಂದಿಷ್ಟು ಚಾಚಿಕೊಂಡಿದೆ ಎಂಬುದು ನಿಜ. ಅಕ್ಷರದ ಕೆಳಗೆ ಒತ್ತು ಇದ್ದ ಹಾಗೆ, ಅಂಗಡಿಯ ಕೆಳಗೆ ಕಟ್ಟೆ, ಅದರಿಂದಲೇ ಅದಕ್ಕೊಂದು ತೂಕ ಎಂದು ನಾನು ಹೇಳುತ್ತೇನೆ. ಪುರಸಭೆಯವರಿಗೆ ಇಷ್ಟು ವ್ಯಾಕರಣ ಗೊತ್ತಿಲ್ಲ. ಅವರು ಅದನ್ನು ಒತ್ತುವರಿ ಎನ್ನುತ್ತಾರೆ.

ಹಾಗೆಂದು ಒಂದು ನೋಟೀಸು ತಂದು ಅಂಗಡಿಯ ಗೋಡೆಗೆ ಅಂಟಿಸಿದರು. ಅಂಟಿಸಿದ ಜವಾನ ಹೋಗುವ ಮುಂಚೆ, ಯಜಮಾನರು ಇದನ್ನು ಓದಿಕೊಂಡರು ಎಂದು ನನ್ನ ರುಜು ಕೇಳಿದ. ನಾನು ಒಳಗೆ ಮಿಷನ್ನಿನ ಮುಂದೆ ಕೂತಿದ್ದೆ. ಏಳಬೇಕು ಎನ್ನುವಷ್ಟರಲ್ಲಿ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, ಜೀವನದಲ್ಲಿ ನಾನು ಕೇಳಬಾರದ ಮಾತನ್ನು ಆಡಿಬಿಟ್ಟಳು.

"ನಮ್ಮನೆಯವ್ರಿಗೆ ಓದಕ್ಕೆ ಬರಲ್ಲ ಕಣಪ್ಪ."

ನನ್ನ ಸೂಜಿ ನಿಂತಿತು. ಎದ್ದು ಹೋಗಿ ಆ ನೋಟೀಸನ್ನು ಹಿಂದುಮುಂದಾಗಿ ಓದಿ ತೋರಿಸಬೇಕೆಂದು ಕೈ ಕಾಲು ತುರಿಸಿದವು. ಆದರೆ ಜವಾನ ತಲೆ ಕೆರೆದುಕೊಂಡು, ಹಾಗಾದರೆ ಕಷ್ಟ, ಓದಲು ಬಾರದವರಿಗೆ ನಮ್ಮವರೇ ಯಾರಾದರೂ ಬಂದು ಬಾಯಲ್ಲಿ ವಿವರಿಸಬೇಕು, ಅವರಿಗೆ ಅರ್ಥವಾಯಿತೆಂದು ಬರೆದುಕೊಳ್ಳಬೇಕು, ಅಲ್ಲಿಯವರೆಗೆ ಕಟ್ಟೆ ಮುಟ್ಟುವ ಹಾಗಿಲ್ಲ ಎಂದದ್ದು ಕಿವಿಗೆ ಬಿತ್ತು. ಮತ್ತೆ ಕೂತೆ. ಹೆಂಡತಿ ಒಳಗೆ ಬಂದು, ಯಾರೂ ವಾಪಸು ಒಯ್ಯದೆ ಬಿಟ್ಟಿದ್ದ ಒಂದು ಕಂದು ಬಣ್ಣದ ಪ್ಯಾಂಟನ್ನು ತೆಗೆದುಕೊಂಡು ಹೋಗಿ ಆ ನೋಟೀಸಿನ ಮೇಲೆ ನೇತುಹಾಕಿದಳು. ಇಷ್ಟು ವರ್ಷದ ದಾಂಪತ್ಯದಲ್ಲಿ ಅವಳು ನನ್ನ ಮಾನವನ್ನು ಒಂದು ಪ್ಯಾಂಟಿನಿಂದ ಮುಚ್ಚಿದ್ದು ಅದೇ ಮೊದಲು.

ಇಂಥ ಸಂದರ್ಭದಲ್ಲಿ ಬೀದಿಗೆ ಒಂದು ಆಟೋ ಬಂತು. ಅದರ ಮೇಲೆ ಧ್ವನಿವರ್ಧಕ. ಅದು ಒದರುತ್ತ ಹೋದದ್ದರಲ್ಲಿ ಹೆಂಡತಿಯ ಕಿವಿಗೆ ಬಿದ್ದದ್ದು ಎರಡೇ ಮಾತು.

"ರೀ, ಸಾಕ್ಷಿ, ಶಿಕ್ಷೆ ಅಂತಿದಾರೆ. ಮನೆಮನೆಗೂ ಬರ್ತಾರಂತೆ."

ಅದು ಸಾಕ್ಷಿ, ಶಿಕ್ಷೆ ಅಲ್ಲವೆಂದೂ, ಸಾಕ್ಷರತಾ ಸಮೀಕ್ಷೆ ಎಂದೂ, ಅಂದರೆ ದೇಶದಲ್ಲಿ ದೊಡ್ಡವರಿಗೆ ಓದು ಬರಹ ಎಷ್ಟು ಬರುತ್ತದೆಂದು ಸರಕಾರ ಮನೆಮನೆಗೆ ಹೋಗಿ ಪರೀಕ್ಷಿಸುವ ಮಹತ್ಕಾರ್ಯವೆಂದೂ ನಾನು ಅವಳಿಗೆ ಗಂಭೀರವಾಗಿ ವಿವರಿಸಿದೆ. ಹೇಳುತ್ತ ಹೇಳುತ್ತ ನನ್ನ ಬಾಯಿ ತಾನಾಗಿ ನಿಂತಿತು. ಇಷ್ಟು ದಿನ ಇಲ್ಲದ ಪರೀಕ್ಷೆ ಈಗ ಯಾಕೆ? ನಮ್ಮ ಬೀದಿಗೇ ಯಾಕೆ? 'ಇವನಿಗೆ ಓದಲು ಬರುವುದಿಲ್ಲ' ಎಂದು ಪುರಸಭೆಗೆ ಹೇಳಿದ ಬೆನ್ನಿಗೇ ಯಾಕೆ?

ಕಟಿಂಗ್ ಶಾಪಿನವನನ್ನು ಕೇಳಿದೆ. ಅವನು ಕತ್ತಿ ಮಸೆಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದ. ಅವನು ಯಾವುದನ್ನೂ ನೇರವಾಗಿ ಹೇಳುವವನಲ್ಲ. ಪುರಸಭೆಯವರು ಸುಮ್ಮನೆ ಬಿಡುತ್ತಾರೆಯೇ, ಸುಳ್ಳೋ ನಿಜವೋ ಎಂದು ನೋಡಲು ಯಾರನ್ನಾದರೂ ಕಳಿಸದೆ ಇರುತ್ತಾರೆಯೇ, ಪುರಸಭೆಯಿಂದ ಬಂದಿದ್ದೇವೆ ಎಂದು ಹೇಳಿಕೊಂಡು ಬರುತ್ತಾರೆಯೇ ಎಂದು ಬರೀ ಪ್ರಶ್ನೆಗಳನ್ನೇ ಸುರಿದ. ಉತ್ತರವನ್ನು ನಾನೇ ಹೊಲಿದುಕೊಂಡೆ: ಸಮೀಕ್ಷೆಯವರೆಂದರೆ ಪುರಸಭೆಯವರೇ.

ರಾತ್ರಿ ಊಟದ ಹೊತ್ತಿಗೆ ನನ್ನ ಯೋಜನೆ ಸಿದ್ಧವಾಗಿತ್ತು. ಸಮೀಕ್ಷೆಯವರು ಬಂದು ಹೋಗುವ ತನಕ ನಾನು ನಿರಕ್ಷರಕುಕ್ಷಿ. ಪೇಪರು ಹಿತ್ತಲಿನಲ್ಲಿ ಕೂತು ಓದುವುದು. ಕನ್ನಡಕ ಹಿಟ್ಟಿನ ಡಬ್ಬಿಯಲ್ಲಿ. ನನ್ನ ಅಂಗಡಿಯ ಬೋರ್ಡನ್ನು ಯಾರಾದರೂ ತೋರಿಸಿದರೆ, ಅದರ ಬಣ್ಣ ಚೆನ್ನಾಗಿದೆ ಎಂದಷ್ಟೇ ಹೇಳುವುದು. ಹೆಂಡತಿಗೂ ಅದೇ ಆಜ್ಞೆ ಮಾಡಿದೆ. ಅವಳು, ನನಗೆ ಹೇಗೂ ರುಜು ಹಾಕುವುದರಾಚೆಗೆ ಬರುವುದಿಲ್ಲ, ನಟನೆ ಮಾಡಬೇಕಾದವರು ನೀವು, ಬಾಯಿ ಮುಚ್ಚಿಕೊಂಡಿರಲು ನಿಮ್ಮಿಂದ ಆಗುತ್ತದೆಯೇ ನೋಡಿಕೊಳ್ಳಿ ಎಂದಳು.

ಸೊಸೆಗೆ ಇದು ಹಿಡಿಸಲಿಲ್ಲ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಎಲ್ಲವನ್ನೂ ಹಾಳೆಯಲ್ಲಿದ್ದ ಹಾಗೆ ನಂಬುವವಳು. (ಮಗ ಲಾರಿ ಓಡಿಸುತ್ತಾನೆ. ಅವನು ಮನೆಗೂ ಅಪರೂಪ, ಈ ಕಥೆಗಂತೂ ಬರುವುದೇ ಇಲ್ಲ.)

"ಮಾವ, ಅದಕ್ಕೂ ಪುರಸಭೆಗೂ ಸಂಬಂಧನೇ ಇಲ್ಲ," ಎಂದಳು. "ಎಷ್ಟು ಜನಕ್ಕೆ ಓದಕ್ಕೆ ಬರುತ್ತೆ ಅಂತ ಲೆಕ್ಕ ಹಾಕ್ತಾರೆ ಅಷ್ಟೇ. ಯಾರ ಹೆಸರೂ ಯಾರಿಗೂ ಹೇಳಲ್ಲ."

"ಹೆಸರೇ ಬೇಡದೋರು ಮನೆ ಬಾಗಿಲಿಗೆ ಯಾಕಮ್ಮ ಬರ್ತಾರೆ?"

ಇದಕ್ಕೆ ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಸಾರಿನ ಪಾತ್ರೆಯ ಕಡೆ ನೋಡಿದಳು. ನಾನು ಗೆದ್ದೆ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಕಟ್ಟೆಯ ಮೇಲೆ ಪೇಪರಿಲ್ಲದೆ ಕೂತೆ. ನನಗೇ ನಾನು ಗುಂಡಿಯಿಲ್ಲದ ಅಂಗಿಯ ಹಾಗೆ ಕಂಡೆ. ಬಂದವರೆಲ್ಲ ಏನು ಸುದ್ದಿ ಎನ್ನುವುದು, ನಾನು ಆಕಾಶ ನೋಡುವುದು. ಹಿತ್ತಲಿನಲ್ಲಿ ಕದ್ದು ಓದಿದ್ದ ಎರಡು ದೊಡ್ಡ ಸುದ್ದಿಗಳು ಹೊಟ್ಟೆಯಲ್ಲಿ ಗುಡುಗುಡು ಎನ್ನುತ್ತಿದ್ದವು.

ಆ ಹೊತ್ತಿಗೆ ಒಬ್ಬ ಗಿರಾಕಿ ಬಂದ. ಹೊಸಬ. ಪ್ಯಾಂಟಿನ ಕಾಲು ಗಿಡ್ಡವಾಗಿದೆ, ಮಡಿಕೆ ಬಿಚ್ಚಿ ಉದ್ದ ಮಾಡಿಕೊಡಿ, ಕಾದು ಒಯ್ಯುತ್ತೇನೆ ಎಂದು ಕೈಚೀಲದಿಂದ ಪ್ಯಾಂಟು ತೆಗೆದುಕೊಟ್ಟ. ಮಾತು ಮೆತ್ತಗೆ, ನಡೆ ಸಾವಕಾಶ. ಅವನ ಅಂಗಿಯ ಜೇಬು ಗುಂಡಗೆ ಉಬ್ಬಿತ್ತು. ನೋಡಿದರೆ ಟೇಪು. ಬಟ್ಟೆಯದಲ್ಲ, ಡಬ್ಬಿಯೊಳಗೆ ಸುತ್ತಿಕೊಳ್ಳುವ ಉಕ್ಕಿನ ಟೇಪು. ಕಾಲ ಬದಲಾಗಿದೆ, ಎಲ್ಲೋ ದೊಡ್ಡ ಊರಿನಲ್ಲಿ ದರ್ಜಿಗಳು ಈಗ ಇದನ್ನೇ ಇಟ್ಟುಕೊಳ್ಳುತ್ತಾರೇನೋ ಎಂದುಕೊಂಡೆ. ನಮ್ಮ ಕಸುಬಿನವನೇ, ತನ್ನ ಪ್ಯಾಂಟನ್ನು ತಾನೇ ಹೊಲಿದುಕೊಳ್ಳಲು ಬೇಜಾರಾಗಿ ನನ್ನ ಹತ್ತಿರ ಬಂದಿದ್ದಾನೆ ಎಂದು ಒಳಗೊಳಗೇ ಹಿಗ್ಗಿದೆ. ಕೂರಿಸಿದೆ. ಟೀ ತರಿಸಿದೆ. ಕಟ್ಟೆಯ ಕಲ್ಲನ್ನು ಸವರಿ ನೋಡಿ, ಒಳ್ಳೆಯ ಕಲ್ಲು, ಅಗಲ ಎಷ್ಟಿರಬಹುದು ಎಂದು ಅವನು ಕೇಳಿದಾಗ, ಅಗಲ, ಉದ್ದ, ಎತ್ತರ ಮೂರನ್ನೂ ಬಾಯಲ್ಲೇ ಒಪ್ಪಿಸಿದೆ. ಅವನು ತಲೆದೂಗುತ್ತ ಕೇಳಿಸಿಕೊಂಡ. ಕಸುಬುದಾರರ ನಡುವಿನ ಸಂಭಾಷಣೆಯ ಸೊಗಸೇ ಬೇರೆ.

ಮಡಿಕೆ ಬಿಚ್ಚುತ್ತಿರುವಾಗ ಸಮೀಕ್ಷೆಯ ಹೆಣ್ಣುಮಗಳು ಬಂದಳು. ಕೊರಳಿಗೆ ಗುರುತಿನ ಚೀಟಿ, ಹೆಗಲಿಗೆ ಚೀಲ, ಕೈಯಲ್ಲಿ ಸ್ಲೇಟಿನಷ್ಟು ಅಗಲದ, ಬೆರಳಿನಿಂದ ಒತ್ತುವ ಯಂತ್ರ. ನೋಡಿದ ಕೂಡಲೇ ನನಗೆ ಅನುಮಾನ ಬಂತು, ಯಾಕೆಂದರೆ ಅವಳು ನಗುತ್ತಿದ್ದಳು. ಸರಕಾರದ ಕೆಲಸಕ್ಕೆ ಬಂದವರು ನಗುವುದನ್ನು ನಾನು ಕಂಡವನಲ್ಲ. ಗುರುತಿನ ಚೀಟಿಯ ಫೋಟೋದಲ್ಲಿ ಅವಳು ನಗುತ್ತಿರಲಿಲ್ಲ. ಹಾಗಾದರೆ ಇವಳೇ ಅವಳು ಎಂದು ಹೇಗೆ ನಂಬುವುದು?

ಮನೆಯಲ್ಲಿ ದೊಡ್ಡವರು ಯಾರು ಯಾರು ಎಂದು ಕೇಳಿ ಯಂತ್ರಕ್ಕೆ ಹಾಕಿದಳು. ಎಲ್ಲರನ್ನೂ ಪರೀಕ್ಷಿಸುವುದಿಲ್ಲವಂತೆ. ಒಂದು ಮನೆಗೆ ಒಬ್ಬರನ್ನು ಯಂತ್ರವೇ ಆರಿಸುತ್ತದಂತೆ, ಅದರಲ್ಲಿ ತನ್ನ ಕೈವಾಡ ಏನೂ ಇಲ್ಲವಂತೆ. ಒಂದು ಸಲ ಬೆರಳು ಒತ್ತಿದಳು. ನಾಲ್ಕು ಜನರಿದ್ದ ಮನೆಯಲ್ಲಿ ಯಂತ್ರ ಹುಡುಕಿ ಹುಡುಕಿ ಆರಿಸಿದ್ದು ನನ್ನನ್ನು. ಹೆಂಡತಿಯ ಕಡೆ ನೋಡಿದೆ. ನಾನು ಹೇಳಿರಲಿಲ್ಲವೇ ಎಂಬ ನನ್ನ ನೋಟಕ್ಕೆ, ಬಾಯಿ ಮುಚ್ಚಿಕೊಂಡಿರಿ ಎಂಬ ನೋಟ ಉತ್ತರವಾಗಿ ಬಂತು.

ಕಟ್ಟೆಯ ಮೇಲೆ ನನ್ನ ಎದುರಿಗೆ ಕೂತಳು. ಕಟಿಂಗ್ ಶಾಪಿನವನು ಬಂದ. ಅವನ ಹಿಂದೆ ಅರ್ಧ ಸೋಪಿನ ಗಿರಾಕಿ ಬಂದ. ಪ್ಯಾಂಟಿನವನು ಒಂದು ಬದಿಗೆ ಸರಿದು ಜಾಗ ಕೊಟ್ಟ.

ಎಷ್ಟು ಓದಿದ್ದೀರಿ ಅಜ್ಜ ಎಂದು ಮೊದಲ ಪ್ರಶ್ನೆ. ಏನೂ ಓದಿಲ್ಲ ತಾಯಿ, ಕತ್ತರಿ ಒಂದೇ ಗೊತ್ತು ಎಂದೆ. ಅರ್ಧ ಸೋಪಿನವನು ಬಾಯಿ ತೆರೆದ. ಕಟಿಂಗ್ ಶಾಪಿನವನು ಅವನ ಕಾಲು ತುಳಿದು ಮುಚ್ಚಿಸಿದ. ಆದರೂ ಒಂದು ಸಲ ಪ್ರಯತ್ನ ಮಾಡಿ, ಬಂದಷ್ಟು ಹೇಳಿ, ಇದರಲ್ಲಿ ಪಾಸು ಫೇಲು ಇಲ್ಲ ಎಂದು ಅವಳು ಒಂದು ರಟ್ಟಿನ ಹಾಳೆ ಕೊಟ್ಟಳು. ಪಾಸು ಫೇಲು ಇಲ್ಲದ ಪರೀಕ್ಷೆ! ಇದಕ್ಕಿಂತ ದೊಡ್ಡ ಬಲೆ ಬೇಕೇ? ನಾನು ಹಾಳೆಯನ್ನು ಬೇಕೆಂದೇ ತಲೆಕೆಳಗಾಗಿ ಹಿಡಿದೆ. ಅವಳು ಮೆಲ್ಲಗೆ ಅದನ್ನು ತಿರುಗಿಸಿ ಕೊಟ್ಟಳು.

ಅದರಲ್ಲಿ ಒಬ್ಬ ಮುದುಕನ ಚಿತ್ರ. ಕುರ್ಚಿಯ ಮೇಲೆ ಕೂತು, ಕನ್ನಡಕ ಹಾಕಿ, ಪತ್ರಿಕೆ ಹಿಡಿದುಕೊಂಡಿದ್ದಾನೆ. ಗಂಭೀರ ಮುಖ. ನನ್ನನ್ನೇ ನೋಡಿ ಬರೆದ ಹಾಗಿತ್ತು. ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು. ಕಣ್ಣು ಬೇಡವೆಂದರೂ ಅತ್ತ ಹೋಯಿತು.

'ಅಜ ಪತ್ರಿಕೆ ಓದುತ್ತಿದ್ದಾನೆ.'

ಇನ್ನೊಮ್ಮೆ ನೋಡಿದೆ. ಅಜ. ಒತ್ತು ಇಲ್ಲ. ಅಚ್ಚಿನಲ್ಲಿ ಬಿಟ್ಟುಹೋಗಿತ್ತೋ, ಬೇಕೆಂದೇ ಬಿಟ್ಟಿದ್ದರೋ, ಅಜ್ಜನ ಕೆಳಗಿರಬೇಕಾದ ಒತ್ತು ಇರಲಿಲ್ಲ. ನಾನು ತುಟಿ ಕಚ್ಚಿದೆ. ಕಟ್ಟೆಯನ್ನು ನೆನೆದೆ. ಹೆಂಡತಿ ಸಂಜೆ ಕಾಲು ಚಾಚಿ ಕೂರುವುದನ್ನು ನೆನೆದೆ. ಓದಕ್ಕೆ ಆಗುತ್ತಾ ಅಜ್ಜ ಎಂದು ಸಮೀಕ್ಷೆಯವಳು ಕೇಳಿದಳು. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ.

"ಇದಕ್ಕೆ ಒತ್ತು ಎಲ್ಲಿ ತಾಯಿ? ಒತ್ತಿಲ್ಲದ ಅಜ ಅಂದ್ರೆ ಮೇಕೆ. ಕನ್ನಡಕ ಹಾಕ್ಕೊಂಡು ಮೇಕೆ ಪೇಪರ್ ಓದ್ತಾ ಇದೆಯಾ?"

ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಅದು ಪಾತ್ರೆಯಲ್ಲ, ಹೆಂಡತಿ ಹಣೆ ಚಚ್ಚಿಕೊಂಡದ್ದು ಎಂದು ಆಮೇಲೆ ತಿಳಿಯಿತು. ಸಮೀಕ್ಷೆಯವಳ ಮುಖ ಅರಳಿತು. ತುಂಬ ಚೆನ್ನಾಗಿ ಓದುತ್ತೀರಲ್ಲ ಎಂದಳು. ಎಷ್ಟು ದಿನವಾಗಿತ್ತು ಯಾರಾದರೂ ಆ ಮಾತು ಹೇಳಿ! ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಓಡಿಹೋಗಿ ಹಿಟ್ಟಿನ ಡಬ್ಬಿಯಿಂದ ಕನ್ನಡಕ ತಂದು, ಊದಿ, ಒರೆಸಿ, ಮೂಗಿಗೇರಿಸಿದೆ. ಬರಲಿ ಎಷ್ಟು ಬರುತ್ತವೋ ಎಂದೆ. ಕಟ್ಟೆಗೆ ಬೇರೆ ಏನಾದರೂ ಉಪಾಯ ಮಾಡಿದರಾಯಿತು, ಮೇಕೆಯಾಗಿ ಬಾಳಲು ನನ್ನಿಂದ ಸಾಧ್ಯವಿರಲಿಲ್ಲ.

ಎರಡನೆಯ ಹಾಳೆಯನ್ನು ಅವಳೇ ಹಿಡಿದು ತೋರಿಸಿದಳು. ಇದನ್ನು ಬರೀ ಓದಿದರೆ ಸಾಲದು, ಪ್ರಶ್ನೆಗೆ ಉತ್ತರ ಹೇಳಬೇಕು ಎಂದಳು. ನೋಡಿದೆ. 'ಸೋ. ೯–೧. ಮಂ. ೯–೧. ಗು. ೪–೬. ಶ. ರಜೆ.'

ನನ್ನ ಎದೆ ತುಂಬಿ ಬಂತು. ಸರಕಾರ ದರ್ಜಿಗಳಿಗೆಂದೇ ಪ್ರತ್ಯೇಕ ಹಾಳೆ ಅಚ್ಚು ಹಾಕಿಸುತ್ತದೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ನಾನು ಅಳತೆ ಬರೆದುಕೊಳ್ಳುವುದೂ ಹೀಗೆಯೇ. ಸೊಂಟಕ್ಕೆ ಸೊ, ಮಂಡಿಗೆ ಮಂ, ಗುಂಡಿಗೆ ಗು, ಶರ್ಟಿಗೆ ಶ. ಸೊ ಎನ್ನುವುದಕ್ಕೆ ಸೋ ಎಂದು ದೀರ್ಘ ಕೊಟ್ಟಿದ್ದರು. ಅಜ್ಜನ ಒತ್ತನ್ನೇ ನುಂಗಿದವರಿಗೆ ಒಂದು ದೀರ್ಘ ಹೆಚ್ಚಾದದ್ದು ದೊಡ್ಡದೇ ಎಂದು ಹೊಟ್ಟೆಗೆ ಹಾಕಿಕೊಂಡೆ.

ಕೆಲಸ ಮುಗಿಸಿ ಸಂಜೆ ಮಾತ್ರ ಬಿಡುವಿರುವವರು ಯಾವಾಗ ಹೋಗಬೇಕು ಎಂಬುದು ಪ್ರಶ್ನೆ.

"ಸಂಜೆ ಬರ್ಲಿ, ಬೇಡ ಅನ್ನಲ್ಲ," ಎಂದೆ. "ಆದ್ರೆ ಈ ಅಳತೆ ತೆಗೆದೋನು ಯಾರು ತಾಯಿ? ಸೊಂಟ ಒಂಬತ್ತಂತೆ, ಮಂಡೀನೂ ಒಂಬತ್ತಂತೆ. ಇದು ಮನುಷ್ಯ ಅಲ್ಲ, ನೀರಿನ ಪೈಪು. ಒಂದಂಗುಲ ಒಳಗೆ ಮಡಚಕ್ಕೆ ಬಿಟ್ಟಿದಾರೆ, ಅದು ಸರಿ. ಗುಂಡಿ ನಾಲ್ಕರಿಂದ ಆರು, ಅದೂ ಸರಿ. ಶರ್ಟಿಗೆ ರಜೆ ಅಂದ್ರೆ, ಶರ್ಟು ಬೇಡ, ಬರೀ ಪ್ಯಾಂಟು ಸಾಕು ಅಂತ."

ಸಮೀಕ್ಷೆಯವಳು ಕೆಳತುಟಿಯನ್ನು ಹಲ್ಲಿನಿಂದ ಗಟ್ಟಿಯಾಗಿ ಹಿಡಿದುಕೊಂಡು ಯಂತ್ರದಲ್ಲಿ ಏನೋ ಒತ್ತಿದಳು. ಹಾಳೆಯನ್ನು ಕೆಳಗಿಟ್ಟಳು. ಆಗ ಅವಳ ಹೆಬ್ಬೆರಳು ಮುಚ್ಚಿದ್ದ ಮೇಲಿನ ಸಾಲು ಕಾಣಿಸಿತು. 'ಆಸ್ಪತ್ರೆ ತೆರೆದಿರುವ ಸಮಯ.'

ಸೋಮವಾರ. ಮಂಗಳವಾರ. ಗುರುವಾರ. ಶನಿವಾರ. ಒಂದೊಂದೇ ವಾರ ನನ್ನ ತಲೆಯ ಮೇಲೆ ಕಲ್ಲಿನ ಹಾಗೆ ಬಿತ್ತು. ಅವಳ ಹೆಬ್ಬೆಟ್ಟು ನನ್ನನ್ನು ಹೆಬ್ಬೆಟ್ಟು ಮಾಡಿಬಿಟ್ಟಿತ್ತು. ಗುರುವಾರ ಸಂಜೆ ನಾಲ್ಕರಿಂದ ಆರು ಎಂದು ಕೂಗಿದೆ. ಅವಳು ನಿಜವಾಗಿ ನೊಂದುಕೊಂಡ ಮುಖ ಮಾಡಿ, ಉತ್ತರ ಹೋಗಿಬಿಟ್ಟಿದೆ ಅಜ್ಜ, ಒಮ್ಮೆ ಹೋದರೆ ತಿದ್ದಲು ಬರುವುದಿಲ್ಲ ಎಂದಳು. ಏನೆಂದು ಹೋಗಿದೆ ಎಂದು ಕೇಳಿದೆ. ಹೇಳುವ ಹಾಗಿಲ್ಲ ಎಂದಳು. ಹೇಳುವ ಹಾಗಿಲ್ಲ ಎಂಬ ಮಾತನ್ನು ಕೇಳಿ ಸುಮ್ಮನಿರುವವನು ನಾನಲ್ಲ. ಯಂತ್ರ ಅವಳ ಕಡೆಗೆ ಮುಖ ಮಾಡಿತ್ತು, ಅಂದರೆ ನನಗೆ ತಲೆಕೆಳಗಾಗಿತ್ತು. ಕತ್ತರಿಸಿದ ಪತ್ರಿಕೆಗಳನ್ನು ಎಲ್ಲ ದಿಕ್ಕಿನಿಂದ ಓದಿ ಕಲಿತವನಿಗೆ ಅದೇನು ಲೆಕ್ಕ. ಗಟ್ಟಿಯಾಗಿಯೇ ಓದಿದೆ.

"ಅಕ್ಷರಗಳನ್ನು ಓದಬಲ್ಲರು. ಓದಿದ್ದರ ಅರ್ಥ ಗ್ರಹಿಸಲಾರರು."

ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳಿಸಿತು. ನನ್ನ ಓದು ಅಷ್ಟು ಸ್ಪಷ್ಟವಾಗಿತ್ತು. ಕಟಿಂಗ್ ಶಾಪಿನವನು ನನ್ನ ಕಡೆ ತಿರುಗಿದ.

"ಹಾಗಾದ್ರೆ ಯಜಮಾನ್ರೇ, ಇಷ್ಟು ವರ್ಷ ನೀವು ನಮಗೆ ಅರ್ಥ ಹೇಳ್ತಿದ್ದದ್ದು?"

ಅವನು ಕುಹಕಕ್ಕೆ ಕೇಳಲಿಲ್ಲ. ಪಾಪ, ನಿಜವಾದ ಚಿಂತೆಯಿಂದ ಕೇಳಿದ. ನಾನು ಹೇಳಿದ ಅರ್ಥಗಳನ್ನು ನಂಬಿ ಅವನು ಏನೇನು ಮಾಡಿಕೊಂಡಿದ್ದನೋ. ಅರ್ಧ ಸೋಪಿನವನು ಮುಖದ ಸೋಪು ಒಣಗಿ ಉದುರುವಷ್ಟು ನಕ್ಕ. ಸೋಪಿನವನು ನಕ್ಕದ್ದನ್ನು ತಡೆದುಕೊಂಡೇನು. ಕೇಳುವವನು ಅನುಮಾನದಿಂದ ನೋಡಿದರೆ ಓದುವವನು ಬದುಕುವುದು ಹೇಗೆ?

ಎದ್ದುನಿಂತೆ. ಅರ್ಥ ಬೇಕೇ ನಿಮಗೆ, ಅರ್ಥ, ಕೇಳಿಸಿಕೊಳ್ಳಿ ಎಂದು ಗೋಡೆಯ ಹತ್ತಿರ ಹೋಗಿ ಕಂದು ಪ್ಯಾಂಟನ್ನು ಒಂದೇ ಏಟಿಗೆ ಕಿತ್ತೆಸೆದೆ. ಹೆಂಡತಿ ಬಾಗಿಲಿಗೆ ಬಂದಳು. ಕೆಮ್ಮಿದಳು. ನಾನು ನೋಟೀಸಿನ ಮೊದಲ ಸಾಲಿನಿಂದ ಸ್ವರವೆತ್ತಿ ಶುರುಮಾಡಿದೆ. ಅನಧಿಕೃತ ಎಂದರೆ ಯಾರನ್ನೂ ಕೇಳದೆ ಮಾಡಿದ್ದು. ಒತ್ತುವರಿ ಎಂದರೆ ನಮ್ಮ ಜಾಗದಿಂದ ಊರಿನ ಜಾಗಕ್ಕೆ ಮೆಲ್ಲಗೆ ಸರಿದು ಕೂತದ್ದು. ಸದರಿ ಕಟ್ಟೆ ಎಂದರೆ ಯಾವುದೋ ಕಟ್ಟೆಯಲ್ಲ, ನೀವೆಲ್ಲ ಈಗ ಕೂತಿದ್ದೀರಲ್ಲ, ಇದೇ. ತೆರವು ಎಂದರೆ ಕಿತ್ತು ಜಾಗ ಖಾಲಿ ಮಾಡುವುದು. ತಪ್ಪಿದಲ್ಲಿ ಎಂದರೆ, ನಾವು ಕೀಳದಿದ್ದರೆ ಅವರೇ ಬಂದು ಕೀಳುತ್ತಾರೆ ಎಂದು. ಹೆಂಡತಿ ಇನ್ನೂ ಜೋರಾಗಿ ಕೆಮ್ಮಿದಳು. ಹೊಗಳಿಕೆಗೆ ಮಾತು ಸಿಕ್ಕದೆ ಅವಳು ಹಾಗೆ ಮಾಡುತ್ತಿದ್ದಾಳೆಂದು ನಾನು ಇನ್ನಷ್ಟು ಉತ್ಸಾಹದಿಂದ, ಒಂದೊಂದು ಪದಕ್ಕೆ ಎರಡೆರಡು ಉದಾಹರಣೆ ಕೊಟ್ಟು, ಕೆಳಗಿನ ಅಧಿಕಾರಿಯ ರುಜುವಿನ ತನಕ ಮುಗಿಸಿದೆ. ಕಟಿಂಗ್ ಶಾಪಿನವನ ಕಣ್ಣಿನಲ್ಲಿ ಹಳೆಯ ಭಕ್ತಿ ಮರಳಿ ಬಂದದ್ದನ್ನು ನಾನೇ ಕಂಡೆ. ಸಮೀಕ್ಷೆಯವಳು ಚಪ್ಪಾಳೆಯನ್ನೇ ತಟ್ಟಿದಳು.

ಪ್ಯಾಂಟಿನವನು ಮಾತ್ರ ಎದ್ದುನಿಂತು, ಟೀ ಲೋಟವನ್ನು ಜೋಪಾನವಾಗಿ ಬದಿಗಿಟ್ಟ. ಜೇಬಿನಿಂದ ಉಕ್ಕಿನ ಟೇಪು ತೆಗೆದು ಕಟ್ಟೆಯ ತುದಿಯಿಂದ ಗೋಡೆಯವರೆಗೆ ಎಳೆದ. ನಾನು ಹೇಳಿದ ಅಗಲವೇ ಬಂತು. ನನ್ನ ಕೈ ಅಳತೆ ಎಂದೂ ತಪ್ಪಿಲ್ಲ.

"ಯಜಮಾನ್ರೇ, ನಾನು ಪುರಸಭೆಯಿಂದ ಬಂದೋನು," ಎಂದ ಅದೇ ಮೆತ್ತಗಿನ ದನಿಯಲ್ಲಿ. "ನಿಮಗೆ ಓದಕ್ಕೆ ಬರಲ್ಲ, ಕೂತು ಅರ್ಥ ಮಾಡಿಸಿ ಬಾ ಅಂತ ಕಳಿಸಿದ್ರು. ಹೇಗೆ ಹೇಳೋದು ಅಂತ ಬೆಳಿಗ್ಗೆಯಿಂದ ಯೋಚನೆ ಮಾಡ್ತಿದ್ದೆ. ನನಗೇ ಇಷ್ಟು ಚೆನ್ನಾಗಿ ಗೊತ್ತಿರ್ಲಿಲ್ಲ."

ನಾನು ಸಮೀಕ್ಷೆಯವಳ ಕಡೆ ತಿರುಗಿದೆ. ಇಷ್ಟು ಹೊತ್ತೂ ಯಾರನ್ನು ಪುರಸಭೆಯ ಗೂಢಚಾರಿಣಿ ಎಂದು ತಿಳಿದಿದ್ದೆನೋ, ಅವಳೇ ಈಗ ನನ್ನ ಕೊನೆಯ ಆಸರೆ. ತಾಯಿ, ನನಗೆ ಅರ್ಥವಾಗುವುದಿಲ್ಲ ಎಂದು ನಿನ್ನ ಯಂತ್ರದಲ್ಲಿ ಬರೆದಿದೆಯಲ್ಲ, ಅದನ್ನು ಇವರಿಗೊಂದಿಷ್ಟು ತೋರಿಸು ಎಂದು ಕೈಮುಗಿದೆ. ಅವಳು ಯಂತ್ರವನ್ನು ಚೀಲಕ್ಕೆ ಹಾಕಿ, ಅದನ್ನು ಯಾರಿಗೂ ತೋರಿಸುವ ಹಾಗಿಲ್ಲ ಅಜ್ಜ, ಪುರಸಭೆಗಂತೂ ಖಂಡಿತ ಇಲ್ಲ ಎಂದು ನಕ್ಕು ಮುಂದಿನ ಮನೆಗೆ ಹೋದಳು. ಸೊಸೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಪ್ಯಾಂಟಿನ ಮಡಿಕೆ ಬಿಚ್ಚಿಕೊಟ್ಟೆ. ಕಸುಬು ಕಸುಬೇ.

ಕೆಲವೇ ದಿನಗಳಲ್ಲಿ ಹಾರೆ, ಗುದ್ದಲಿ ಬಂದವು. ಪ್ಯಾಂಟಿನವನು ಒಳ್ಳೆಯವನು, ಕಲ್ಲುಗಳನ್ನು ಒಡೆಯದೆ ಒಂದೊಂದಾಗಿ ಎತ್ತಿಸಿ ಗೋಡೆಯ ಬುಡದಲ್ಲಿ ಜೋಡಿಸಿಟ್ಟ. ಅಂಗಡಿಯ ಬಾಗಿಲು ಈಗ ನೆಲದಿಂದ ಎರಡು ಆಳು ಮೇಲಿದ್ದ ಹಾಗೆ ಕಾಣುತ್ತಿತ್ತು (ನಿಜವಾಗಿ ಮೊಣಕಾಲುದ್ದ). ನಾನು ಹೊಸ್ತಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆ. ಪೇಪರು ತೊಡೆಯ ಮೇಲಿತ್ತು. ಎದುರಿನಿಂದ ಕಟಿಂಗ್ ಶಾಪಿನವನು, ಬರಬೇಕೆಂದು ಮನಸ್ಸಿದೆ, ಬಂದು ಕೂರುವುದೆಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದ.

ಸಂಜೆ ಹೆಂಡತಿ ರೂಢಿಯಂತೆ ಹೊರಗೆ ಬಂದಳು. ಕಾಲು ಚಾಚಲು ನೋಡಿದಳು. ಚಾಚಲು ಕಟ್ಟೆ ಇರಲಿಲ್ಲ. ಬೀದಿಯಲ್ಲಿ ಯಾರೋ ಇಬ್ಬರು ಹೆಂಗಸರು ಹೊಸ ಸಮಾಚಾರದ ಮುಖ ಹೊತ್ತು, ಅವಳ ಕಡೆಗೊಮ್ಮೆ ನೋಡಿ, ಕೂರಲು ಜಾಗವಿಲ್ಲದೆ ಹಾಗೇ ದಾಟಿ ಹೋದರು. ಅವರು ಮೂಲೆ ತಿರುಗುವ ತನಕ ನೋಡಿದವಳು ನನ್ನ ಪಕ್ಕದಲ್ಲಿ ಹೊಸ್ತಿಲ ಮೇಲೆ ಇಕ್ಕಟ್ಟಾಗಿ ಕೂತಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಮೆತ್ತಗೆ ಕೇಳಿದಳು.

"ಈಗಾದ್ರೂ ಅರ್ಥ ಆಯ್ತಾ?"

ಆಯಿತು ಎಂದೆ. ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.